ಎಷ್ಟು ಬಂದೂಕು ಒಯ್ಯಬೇಕು?

ಗುರಿಯ ಮೈದಾನಕ್ಕೆ ಎಷ್ಟು ಬಂದೂಕು ಒಯ್ಯಬೇಕು? ಹೀಗೆ ಕೇಳಿದೊಡನೆ ವಾಚಕರಲ್ಲಿ ಹಲವರು ನಕ್ಕುಬಿಡಬಹುದು. ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲಿನ ಮೇಲಲ್ಲದೆ ಬೇರೆಲ್ಲಿಯೂ ಬಂದೂಕನ್ನು ಹತ್ತಿರದಿಂದ ಕಂಡವರೇ ನಮ್ಮಲ್ಲಿ ವಿರಳ. ಅಂಥವರಿಗೆ ಎಷ್ಟು ಒಯ್ಯಬೇಕೆಂಬ ಚಿಂತೆ ಏಕೆ? ಆದರೂ ಈ ಪ್ರಶ್ನೆಯು ಗುರಿಕಾರರಿಗೆ ಮಾತ್ರ ಸೇರಿದುದಲ್ಲ. ನಮ್ಮ ರಾಯಚೂರಿಗಂತೂ ಅದು ಐನೂರು ವರ್ಷಗಳಷ್ಟು ಹಳೆಯದು. ಒಮ್ಮೆ ಈ ಊರಿನ ಭವಿಷ್ಯವೇ ಅದರ ಉತ್ತರದ ಮೇಲೆ ನಿಂತಿತ್ತು. ಆದರೆ ಆ ದೊಡ್ಡ ಕಥೆಗೆ ಹೋಗುವ ಮುನ್ನ ನನ್ನದೊಂದು ಸಣ್ಣ ಕಥೆಯನ್ನು ಹೇಳಬೇಕಾಗಿದೆ.

ಹಲವು ವರ್ಷಗಳ ಹಿಂದೆ ನಾನು ಈ ಸೀಮೆಯ ಕಾಲೇಜೊಂದರಲ್ಲಿ ಹೊಸದಾಗಿ ಅಧ್ಯಾಪಕನಾಗಿ ಸೇರಿದ್ದೆ. ಎನ್.ಸಿ.ಸಿ. ಹುಡುಗರ ಗುರಿ ಅಭ್ಯಾಸದ ದಿನ ಜತೆಗೊಬ್ಬ ಉಪಾಧ್ಯಾಯ ಇರಲೆಂದು ನನ್ನನ್ನು ಕಳುಹಿಸಿದರು. ಪಾಠ ಹೇಳುವುದು ನನ್ನ ಕಸುಬು; ಬಂದೂಕಿನ ವಿಷಯದಲ್ಲಿ ನಾನು ಹುಡುಗರಿಗಿಂತಲೂ ಅಜ್ಞಾನಿ. ಊರ ಹೊರಗಿನ ಬಯಲು. ಕೊನೆಯಲ್ಲಿ ಗುಂಡು ತಡೆಯುವ ಮಣ್ಣಿನ ದಿಬ್ಬ. ನಾಲ್ಕೂ ಕಡೆ ಕೆಂಪು ಬಾವುಟ. ಹುಡುಗರು ಮೂವತ್ತಾರು ಮಂದಿ. ಲಾರಿಯಿಂದ ಇಳಿದ ರೈಫಲುಗಳು ಆರೇ ಆರು.

ನನಗೆ ನಿರಾಸೆಯಾಯಿತು. ಮೂವತ್ತಾರು ಜನಕ್ಕೆ ಆರು ಬಂದೂಕು ತಂದರೆ ಕೆಲಸ ಮುಗಿಯುವುದು ಯಾವಾಗ? ಹನ್ನೆರಡು ತಂದಿದ್ದರೆ ಹೊತ್ತು ಅರ್ಧವಾಗುತ್ತಿತ್ತು. ಹದಿನೆಂಟು ತಂದಿದ್ದರೆ ಊಟದ ಹೊತ್ತಿಗೆ ಮನೆ ಸೇರಬಹುದಿತ್ತು. ಗಣಿತದ ಈ ಸತ್ಯವನ್ನು ಹವಾಲ್ದಾರರ ಮುಂದಿಟ್ಟೆ. ಅವರು ಬೆಳಗಾವಿ ಕಡೆಯವರು; ಮಾತು ಕಡಿಮೆ.

“ಬಂದೂಕು ಹೆಚ್ಚಿಗಿ ತರಬಹುದ್ರಿ ಸರ,” ಎಂದರು. “ಆದ್ರ ಕಣ್ಣು ಎಲ್ಲಿಂದ ತರೂದು? ನನಗ ಇರೂವು ಎರಡ.”

ಅಭ್ಯಾಸ ಆರಂಭವಾಯಿತು. ಆರು ಮಂದಿಯ ಒಂದೊಂದು ಸಾಲು. ನೆಲದ ಮೇಲೆ ಬೋರಲು ಮಲಗಿ, ಇಪ್ಪತ್ತೈದು ಮೀಟರು ದೂರದ ಕಾಗದದ ಗುರಿಗೆ ತಲಾ ಐದು ಗುಂಡು. ಮಾನ್ವಿ ಕಡೆಯ ಒಬ್ಬ ಹುಡುಗನ ಐದು ಗುಂಡುಗಳು ಕಾಗದದ ಐದು ದಿಕ್ಕಿಗೆ ಹೋಗಿದ್ದವು. ಅವನು ಕೂಡಲೇ, ಈ ರೈಫಲು ಸರಿಯಿಲ್ಲ, ಪಕ್ಕದವನದನ್ನು ಕೊಡಿ ಎಂದು ಕೇಳಿದನು. ಹವಾಲ್ದಾರರು ಆ ಕಾಗದವನ್ನೂ ಅದೇ ರೈಫಲಿನಿಂದ ಹಿಂದಿನ ಸಾಲಿನವನು ಹೊಡೆದ ಕಾಗದವನ್ನೂ ಜೋಡಿಸಿ ತೋರಿಸಿದರು. ಹಿಂದಿನವನ ಐದೂ ತೂತುಗಳು ನಡುವಿನಿಂದ ಎಡಕ್ಕೆ ಸರಿದಿದ್ದರೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂಡಿಕೊಂಡಿದ್ದವು. ಗುಂಡುಗಳು ಒಂದೆಡೆ ಕೂಡಿ ಎಲ್ಲವೂ ಒಂದೇ ಪಕ್ಕಕ್ಕೆ ಸರಿದರೆ ಅದು ಬಂದೂಕಿನ ಕಣ್ಣಿನ ದೋಷ, ತಿರುಪು ತಿರುಗಿಸಿ ಸರಿಪಡಿಸಬಹುದು. ಚೆದುರಿದರೆ ಅದು ಹೊಡೆಯುವವನ ಉಸಿರಿನ ದೋಷ, ಬಂದೂಕು ಬದಲಾಯಿಸಿದರೆ ಹೋಗುವುದಲ್ಲ. ಕುಣಿಯಲಾರದವಳಿಗೆ ಅಂಗಳ ಡೊಂಕೆಂಬ ಗಾದೆಯನ್ನು ಆ ಹುಡುಗನಿಗೆ ಯಾರೂ ಹೇಳಲಿಲ್ಲ, ಕಾಗದವೇ ಹೇಳಿತು. ಎರಡನೆಯ ಸರದಿ ಇಲ್ಲದ್ದರಿಂದ ಅವನು ಮುಖ ಸಣ್ಣದು ಮಾಡಿಕೊಂಡು ಹೋಗಿ ಕುಳಿತನು.

ಸಂಜೆಗೆ ಲೆಕ್ಕ. ಮೂವತ್ತಾರು ಜನ, ತಲಾ ಐದು: ನೂರ ಎಂಬತ್ತು ತೋಟಾ. ಹೊಡೆದಾದ ಮೇಲೆ ಅಷ್ಟೂ ಖಾಲಿ ತೋಟಾಗಳು ಎಣಿಕೆಗೆ ಬರಬೇಕು. ಬಂದದ್ದು ನೂರ ಎಪ್ಪತ್ತೊಂಬತ್ತು. ಒಂದು ಖಾಲಿ ತೋಟಾ ಎಂದರೆ ಕಿರುಬೆರಳಿನ ಉಗುರಿನಷ್ಟು ಹಿತ್ತಾಳೆ. ಮಾರಿದರೆ ಕಡಲೆಬೀಜವೂ ಬರದು. ನಾನು ‘ಹೋಗಲಿ ಬಿಡಿ’ ಎಂದೆ. ಯಾರೂ ನನ್ನ ಮಾತಿಗೆ ಉತ್ತರವನ್ನೇ ಕೊಡಲಿಲ್ಲ. ಮೂವತ್ತಾರು ಜನವೂ ಸಾಲಾಗಿ ಮಂಡಿಯೂರಿ ಎರೆಮಣ್ಣಿನ ಬಿರುಕುಗಳಲ್ಲಿ ಬೆರಳಾಡಿಸತೊಡಗಿದರು. ಬಿಸಿಲಿಗೆ ಬಾಯ್ಬಿಟ್ಟ ನಮ್ಮ ಎರೆನೆಲದ ಬಿರುಕು ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಅದು ನುಂಗಿದುದನ್ನು ಮಳೆಗಾಲವೇ ಕೊಡಬೇಕು. ಹೊತ್ತು ಮುಳುಗಿತು. ಆರು ರೈಫಲುಗಳನ್ನು ಸಾಲಾಗಿ ಮಲಗಿಸಿ, ಎಲ್ಲಕ್ಕೂ ಬೋಲ್ಟು ತೆರೆದು, ಹವಾಲ್ದಾರರು ಅವುಗಳ ಪಕ್ಕದಿಂದ ಕದಲದೆ ನಿಂತಿದ್ದರು. ಕೊನೆಗೆ ದೇವದುರ್ಗದ ಒಬ್ಬ ಹುಡುಗ ಕೈತೊಳೆಯಲೆಂದು ಮಡಿಸಿದ್ದ ಅಂಗಿಯ ತೋಳನ್ನು ಬಿಚ್ಚಿದಾಗ ಅದು ಟಣ್ಣನೆ ನೆಲಕ್ಕೆ ಬಿದ್ದಿತು. ಎಡಗಡೆಯವನ ರೈಫಲಿನಿಂದ ಹಾರಿದ ತೋಟಾ ಅವನ ತೋಳಿನ ಮಡಿಕೆಯಲ್ಲಿ ಕುಳಿತು ಮಧ್ಯಾಹ್ನವೆಲ್ಲ ಅವನೊಡನೆ ತಿರುಗಿತ್ತು. ಹುಡುಗನ ಕಣ್ಣಲ್ಲಿ ನೀರು. ಒಂದು ವೇಳೆ ಅದು ಸಿಗದೆ ಹೋಗಿದ್ದರೆ ಕದ್ದವನಾರೆಂಬ ಮಾತು ಮೂವತ್ತಾರು ತಲೆಗಳ ಮೇಲೂ ಸುಳಿಯುತ್ತಿತ್ತು.

ಲಾರಿ ಹತ್ತುವಾಗ ಹವಾಲ್ದಾರರು ನನ್ನತ್ತ ತಿರುಗಿ, “ತರೂದು ಸುಲಭ ಐತ್ರಿ ಸರ. ತಂದಷ್ಟೂ ತಿರುಗಿ ಒಯ್ಯೂದ ಕಷ್ಟ,” ಎಂದರು.

ನಾನು ಇತಿಹಾಸದ ಪುಸ್ತಕಗಳನ್ನು ಓದಿದವನು. ಆದರೆ ನಮ್ಮ ಊರಿನ ಇತಿಹಾಸವನ್ನು ಆ ಮಾತಿನ ಬೆಳಕಿನಲ್ಲಿ ಎಂದೂ ನೋಡಿರಲಿಲ್ಲ.

*

ಮೊದಲು ಗುರಿಕಾರರ ಲೆಕ್ಕವನ್ನೇ ನೋಡೋಣ. ಗುರಿಯ ಮೈದಾನಕ್ಕೆ ಹೋಗುವವನಿಗೆ ಮನೆಯಲ್ಲಿರುವ ಬಂದೂಕುಗಳನ್ನೆಲ್ಲ ಒಯ್ಯಬೇಕೆಂಬ ಆಸೆ ಹುಟ್ಟುವುದು ಸಹಜ. ಹಬ್ಬಕ್ಕೆ ಹೊರಟ ಹೆಣ್ಣುಮಗಳು ಪೆಟ್ಟಿಗೆಯ ಸೀರೆಗಳನ್ನೆಲ್ಲ ಹರವಿಕೊಂಡು ನಿಂತಂತೆ ಅವನೂ ನಿಲ್ಲುತ್ತಾನೆ. ಆದರೆ ಅನುಭವಸ್ಥರು ಕಲಿಯುವವನಿಗೆ ಹೇಳುವುದು ಒಂದೇ ಮಾತು: ಒಂದು ಸಾಕು.

ಅದಕ್ಕೆ ಕಾರಣಗಳುಂಟು. ಮೊದಲನೆಯದು ಕೈ. ಪಂದ್ಯದ ರೈಫಲಿನ ಹಿಡಿಯು ಒಬ್ಬನ ಕೆನ್ನೆಗೂ ಹೆಗಲಿಗೂ ಹೊಂದುವಂತೆ ಕೂಡಿಸಿದ್ದು. ಪಿಸ್ತೂಲಿನ ಮರದ ಹಿಡಿಯನ್ನಂತೂ ಅಂಗೈಯ ಅಚ್ಚಿಗೆ ಸರಿಯಾಗಿ ಕೆತ್ತಿಸಿಕೊಳ್ಳುತ್ತಾರೆ. ಹತ್ತು ಮೀಟರಿನ ಗಾಳಿ ಪಿಸ್ತೂಲಿನ ಕುದುರೆಯನ್ನು ಎಳೆಯಲು ಕನಿಷ್ಠ 500 ಗ್ರಾಂ ಭಾರದಷ್ಟು ಒತ್ತಡ ಬೇಕೆಂಬುದು ನಿಯಮ. ಬೆರಳು ಆ ಭಾರವನ್ನು ಕಂಠಪಾಠ ಮಾಡಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಗಳಿಗೆಗೊಂದು ಬಂದೂಕು ಹಿಡಿದವನ ಬೆರಳು ಯಾವುದನ್ನೂ ಕಲಿಯುವುದಿಲ್ಲ. ಎರಡನೆಯದು ಹೊತ್ತು. ಪಂದ್ಯದಲ್ಲಿ 60 ಗುಂಡಿಗೆ 75 ನಿಮಿಷ. ಅಭ್ಯಾಸದಲ್ಲಿಯೂ ಮೈದಾನವು ಒಬ್ಬನ ಸ್ವತ್ತಲ್ಲ. ಮೂರು ಬಂದೂಕು ಒಯ್ದವನು ಆ ಹೊತ್ತನ್ನು ಮೂರು ಪಾಲು ಮಾಡಬೇಕು. ಮನೆಗೆ ಬಂದ ಮೇಲೆ ಮೂರು ನಳಿಗೆಗಳನ್ನು ತಿಕ್ಕಿ ಎಣ್ಣೆ ಹಚ್ಚಬೇಕು. ಮೂರನೆಯದು ಅಪಾಯ. ಬೇರೆ ಬೇರೆ ಅಳತೆಯ ಬಂದೂಕುಗಳನ್ನು ಒಯ್ದರೆ ಬೇರೆ ಬೇರೆ ತೋಟಾಗಳೂ ಜತೆಗೆ ಹೋಗುತ್ತವೆ. ಇಪ್ಪತ್ತರ ಬೋರಿನ ತೋಟಾವೊಂದು ಮರೆತು ಹನ್ನೆರಡರ ಬೋರಿನ ಬಂದೂಕಿಗೆ ಬಿದ್ದರೆ ಅದು ನಳಿಗೆಯೊಳಕ್ಕೆ ಜಾರಿ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಸರಿಯಾದ ತೋಟಾ ತುಂಬಿ ಹೊಡೆದರೆ ನಳಿಗೆಯೇ ಸಿಡಿಯಬಹುದು. ಈ ಕಾರಣದಿಂದಲೇ ಇಪ್ಪತ್ತರ ತೋಟಾಗಳಿಗೆ ಹಳದಿ ಬಣ್ಣ ಕೊಡುವ ವಾಡಿಕೆ ಬೆಳೆದಿದೆ.

‘ಒಂದು ಕೆಟ್ಟರೆ?’ ಎಂಬ ಪ್ರಶ್ನೆ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ. 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸಿನ ಹತ್ತು ಮೀಟರು ಗಾಳಿ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ ನಮ್ಮ ದೇಶದ ಮನು ಭಾಕರ್ ಅವರ ಪಿಸ್ತೂಲು ನಡುವೆ ಕೆಟ್ಟಿತು. ಅದನ್ನು ಸರಿಪಡಿಸುವುದರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದವು. ಎಂಟು ಮಂದಿಯ ಅಂತಿಮ ಸುತ್ತಿಗೆ ಸೇರಲಾರದೆ ಅವರು ಹನ್ನೆರಡನೆಯವರಾದರು. ಆದುದರಿಂದ ಸ್ಪರ್ಧೆಗೆ ಹೋಗುವವನು ಇನ್ನೊಂದನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ವಿವೇಕ. ಆದರೆ ಆ ಎರಡನೆಯದಕ್ಕೂ ಕೈ ಒಗ್ಗಿರಬೇಕು; ಒಗ್ಗದಿದ್ದರೆ ಅದು ಪೆಟ್ಟಿಗೆಯ ಭಾರ ಮಾತ್ರ. 2024ರಲ್ಲಿ ಪ್ಯಾರಿಸಿನಲ್ಲಿ ಅದೇ ಪಂದ್ಯದಲ್ಲಿ ಮನು ಭಾಕರ್ ಕಂಚಿನ ಪದಕ ಗೆದ್ದರು. ನಡುವಣ ಮೂರು ವರ್ಷಗಳಲ್ಲಿ ಗಟ್ಟಿಗೊಂಡಿದ್ದು ಪೆಟ್ಟಿಗೆಯಲ್ಲ, ಮನಸ್ಸು.

ಕಾನೂನಿಗೂ ಈ ಲೆಕ್ಕ ಗೊತ್ತು. 1959ರ ಆಯುಧ ಕಾಯಿದೆಗೆ 1983ರಲ್ಲಿ ತಿದ್ದುಪಡಿಯಾದಾಗ ಒಬ್ಬನು ಮೂರಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳಬಾರದೆಂದು ವಿಧಿಸಲಾಯಿತು. 2019ರ ತಿದ್ದುಪಡಿಯು ಅದನ್ನು ಎರಡಕ್ಕೆ ಇಳಿಸಿತು. ಕ್ರೀಡೆಯ ಗುರಿಕಾರರಿಗೆ ಬೇರೆ ರಿಯಾಯಿತಿಗಳುಂಟು. ನಮ್ಮ ನಾಡಿನಲ್ಲಿಯೇ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ಮಟ್ಟಿಗೆ ಹಳೆಯ ವಿನಾಯಿತಿಯುಂಟು; 2021ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ತೊಳೆದು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಪೂಜೆಗೆ ಎಷ್ಟೇ ಕೋವಿ ಇಟ್ಟಿದ್ದರೂ ಗುರಿಯ ಮುಂದೆ ನಿಂತವನ ಹೆಗಲಿಗೆ ತಾಗುವುದು ಒಂದೇ.

ಕೈ ಎಷ್ಟನ್ನು ಬಲ್ಲದು, ಕಣ್ಣು ಎಷ್ಟನ್ನು ಕಾಯಬಲ್ಲದು, ಎಷ್ಟನ್ನು ಹಿಂದಕ್ಕೆ ಒಯ್ಯಬಲ್ಲೆವು? ಈ ಮೂರು ಅಳತೆಗೋಲುಗಳನ್ನು ಹಿಡಿದುಕೊಂಡು ಈಗ ರಾಯಚೂರಿನ ಕೋಟೆಯ ಬಳಿಗೆ ಹೋಗೋಣ.

*

ನಮ್ಮದು ಎರಡು ಹೊಳೆಗಳ ನಡುವಿನ ನಾಡು. ಉತ್ತರದಲ್ಲಿ ದೇವದುರ್ಗದ ಸೀಮೆಯನ್ನು ತಾಗಿ ಕೃಷ್ಣೆ ಹರಿಯುತ್ತಾಳೆ. ದಕ್ಷಿಣದಲ್ಲಿ ಮಾನ್ವಿಯ ಸೀಮೆಯನ್ನು ತಾಗಿ ತುಂಗಭದ್ರೆ. ಈ ನಡುವಣ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಾಡಿದರು. ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮೀರಿದ ಉದ್ದದ ಒಂದೇ ಬಂಡೆಯುಂಟು; ಅದರ ಮೇಲೆ 1294ರ ಶಾಸನ; ಬಳಿಯಲ್ಲಿ ಆ ಬಂಡೆಯನ್ನು ಬಂಡಿಯ ಮೇಲಿಟ್ಟು ಎಳೆದು ತಂದ ದೃಶ್ಯವನ್ನೇ ಕೊರೆದಿದ್ದಾರೆ. ದೊಡ್ಡದನ್ನು ಹೊತ್ತು ತರುವುದರಲ್ಲಿ ನಮ್ಮ ಊರಿಗೆ ಅಷ್ಟು ಹಿಂದಿನಿಂದಲೂ ಅಭಿಮಾನ.

1520ರಲ್ಲಿ ಈ ಕೋಟೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನ ವಶದಲ್ಲಿತ್ತು. ಆ ಕಾಳಗದ ವಿಸ್ತಾರವಾದ ವೃತ್ತಾಂತವನ್ನು ಬರೆದಿಟ್ಟವನು ನ್ಯೂನಿಜ್ ಎಂಬ ಪೋರ್ಚುಗೀಸರವನು, ಕುದುರೆ ವ್ಯಾಪಾರಿ, ಘಟನೆಯಾದ ಹದಿನೈದು ವರ್ಷಗಳ ಮೇಲೆ ವಿಜಯನಗರದಲ್ಲಿದ್ದವನು. ಅವನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದನು. ಅವನ ಪ್ರಕಾರ ಕೃಷ್ಣದೇವರಾಯನು ಕುದುರೆ ಕೊಳ್ಳಲು 40,000 ಪರ್ದಾವ್ ಹಣ ಕೊಟ್ಟು ಕಳುಹಿಸಿದವನು ಬಿಜಾಪುರಕ್ಕೆ ಓಡಿಹೋದನು. ಆದಿಲ್ ಷಾ ಅವನನ್ನು ಒಪ್ಪಿಸಲಿಲ್ಲ. ಅದೇ ಯುದ್ಧಕ್ಕೆ ನೆಪವಾಯಿತು. ರಾಯನ ದಂಡು ಬಂದು ಮಲಿಯಾಬಾದಿನಲ್ಲಿ ಬಿಡಾರ ಮಾಡಿ, ಪೂರ್ವದ ಕಡೆಯಿಂದ ರಾಯಚೂರಿಗೆ ಮುತ್ತಿಗೆ ಹಾಕಿತು.

ಕೋಟೆಯ ಮೇಲೆ ಸಣ್ಣವನ್ನು ಬಿಟ್ಟು 200 ದೊಡ್ಡ ತೋಪುಗಳಿದ್ದುವೆಂದು ನ್ಯೂನಿಜ್ ಹೇಳುತ್ತಾನೆ. ಹೊರಗಿನವರ ಕೈಯಲ್ಲಿ ಇದ್ದದ್ದು ಹಾರೆ, ಗುದ್ದಲಿ. ಗೋಡೆಯ ಕಲ್ಲು ಕಿತ್ತು ತಂದವನಿಗೆ ಕಲ್ಲಿನ ಗಾತ್ರಕ್ಕೆ ತಕ್ಕಂತೆ ದುಡ್ಡು! ನಮ್ಮ ಊರಿನ ಕೋಟೆಯ ಕಲ್ಲಿಗೆ ಹೀಗೆ ಸಂತೆಯ ಬೆಲೆ ಕಟ್ಟಿದ ದಿನಗಳೂ ಇದ್ದವು. ಮೇಲಿನಿಂದ ಗುಂಡು ಬಾಣಗಳ ಮಳೆ. ಕೆಳಗೆ ಸಾಯುವವರ ಸಾಲು. ಆದರೂ ಬೆಲೆಯ ಆಸೆಗೆ ಮತ್ತೆ ಮತ್ತೆ ಗೋಡೆಯ ಬುಡಕ್ಕೆ ಓಡುವವರು. ಮೂರು ತಿಂಗಳು ಕಳೆದರೂ ಕೋಟೆ ಬೀಳಲಿಲ್ಲ.

ಅಷ್ಟರಲ್ಲಿ ಆದಿಲ್ ಷಾ ಸ್ವತಃ ದಂಡೆತ್ತಿ ಬಂದು ಕೃಷ್ಣೆಯನ್ನು ದಾಟಿದನು. ಅವನ ನಂಬಿಕೆಯೆಲ್ಲ ತೋಪುಗಳ ಮೇಲೆ. ಅವನು ಎಷ್ಟು ತಂದಿದ್ದನೆಂಬುದು ಅವನು ಸೋತ ಮೇಲೆ ಸಿಕ್ಕ ಲೂಟಿಯ ಲೆಕ್ಕದಿಂದ ತಿಳಿಯುತ್ತದೆ: ದೊಡ್ಡ ತೋಪುಗಳೇ 400, ತೋಪಿನ ಬಂಡಿಗಳು 900. ನ್ಯೂನಿಜನ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ದಂಡಿನ ಎಣಿಕೆಯಲ್ಲಂತೂ ಅವನು ಬಹಳ ಧಾರಾಳಿ. ಅರ್ಧಕ್ಕರ್ಧ ಕಳೆದರೂ, ಬೇಸಿಗೆಯ ಕೃಷ್ಣೆಯ ಮರಳಿನಲ್ಲಿ ಎತ್ತುಗಳು ಎಳೆದು ತಂದ ಆ ಕಬ್ಬಿಣದ ರಾಶಿಯನ್ನು ಊಹಿಸಿಕೊಂಡರೆ ಉಸಿರು ಕಟ್ಟುತ್ತದೆ.

ಸೀವೆಲ್ ಲೆಕ್ಕ ಹಾಕಿದಂತೆ ಆ ದಿನ 1520ರ ಮೇ 19, ಶನಿವಾರ. ಬೆಳಗಾಗುತ್ತಲೇ ರಾಯನ ಮುಂದಿನ ಪಡೆಗಳು ಏರಿಹೋದುವು. ಅವು ಹತ್ತಿರ ಬರುವವರೆಗೂ ಸುಮ್ಮನಿದ್ದ ಆದಿಲ್ ಷಾನ ತೋಪುಗಳೆಲ್ಲ ಒಮ್ಮೆಗೇ ಸಿಡಿದುವು. ಹತ್ತಿರದಿಂದ ಬಿದ್ದ ಆ ಪೆಟ್ಟಿಗೆ ರಾಯನ ಮುಂಪಡೆ ಚೆದುರಿತು. ಬಿಜಾಪುರದ ಕುದುರೆಗಳು ಬೆನ್ನಟ್ಟಿ ಬಂದುವು. ಕೃಷ್ಣದೇವರಾಯನು ಅಂದು ತನ್ನ ಉಂಗುರವನ್ನು ತೆಗೆದು ಒಬ್ಬ ಹುಡುಗನ ಕೈಯಲ್ಲಿಟ್ಟು, ತಾನು ಸತ್ತರೆ ರಾಣಿಯರಿಗೆ ಗುರುತಾಗಿ ಕೊಡುವಂತೆ ಹೇಳಿ, ಉಳಿದ ಪಡೆಗಳೊಡನೆ ತಾನೇ ಮುನ್ನುಗ್ಗಿದನೆಂದು ನ್ಯೂನಿಜ್ ಬರೆಯುತ್ತಾನೆ.

ತೋಪುಗಳೆಲ್ಲ ಒಮ್ಮೆಗೇ ಸಿಡಿದುವು ಎಂಬ ಆ ಮಾತಿನ ಮುಂದೆ ವಾಚಕರು ಒಂದು ಗಳಿಗೆ ನಿಲ್ಲಬೇಕು. ಅಂದಿನ ತೋಪು ಒಮ್ಮೆ ಹಾರಿದರೆ ಮತ್ತೆ ಹಾರಲು ನಳಿಗೆಯನ್ನು ಒರೆಸಬೇಕು, ಮದ್ದು ತುಂಬಬೇಕು, ಜಡಿಯಬೇಕು, ಗುಂಡು ಇಳಿಸಬೇಕು, ಕಿವಿಗೆ ಪುಡಿ ಹಾಕಿ ಬೆಂಕಿ ಮುಟ್ಟಿಸಬೇಕು. ನೂರು ತೋಪು ತಂದವನು ನೂರು ತೋಪಿಗೆ ಬೇಕಾದ ಕೈಗಳನ್ನೂ ಹೊತ್ತನ್ನೂ ತರಬೇಕಾಗಿತ್ತು. ಹೊತ್ತನ್ನು ಯಾವ ಬಂಡಿಯಲ್ಲಿ ತರುವುದು? ಮೊದಲ ಪೆಟ್ಟಿನಲ್ಲಿ ಗೆದ್ದೆವೆಂದು ಮುಂದೆ ಓಡಿದ ತಮ್ಮದೇ ಕುದುರೆಗಳು ಎದುರಿಗಿರುವಾಗ ಮತ್ತೆ ಹಾರಿಸುವುದಾದರೂ ಯಾರ ಮೇಲೆ? ರಾಯನ ಎರಡನೆಯ ಅಲೆ ಬಂದಪ್ಪಳಿಸಿದಾಗ ಬಿಜಾಪುರದ ದಂಡು ಮುರಿದು ಹೊಳೆಯತ್ತ ಓಡಿತು. ಬಂದ ದಾರಿಯೇ ಮರಳುವ ದಾರಿ, ಅದು ಕೃಷ್ಣೆ. ಎಷ್ಟೋ ಮಂದಿ ಅದರಲ್ಲಿ ಮುಳುಗಿದರು. ಆದಿಲ್ ಷಾ ಆನೆಯೇರಿ ಪಾರಾದನು. ತೋಪುಗಳು ಈಚೆ ದಡದಲ್ಲಿಯೇ ಉಳಿದುವು.

ಬಿಜಾಪುರದ ಆಸ್ಥಾನದಲ್ಲಿ ಮುಂದೆ ಚರಿತ್ರೆ ಬರೆದ ಫೆರಿಷ್ತಾ ಈ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುತ್ತಾನೆಂಬುದನ್ನೂ ಮರೆಯುವಂತಿಲ್ಲ. ಸುಲ್ತಾನನು ಮದ್ಯದ ಅಮಲಿನಲ್ಲಿ ಹಿತೈಷಿಗಳ ಮಾತು ಕೇಳದೆ, ದಂಡು ಪೂರ್ತಿಯಾಗಿ ಸಿದ್ಧವಾಗುವ ಮುನ್ನವೇ ಹೊಳೆಗೆ ಇಳಿದುದು ಸೋಲಿಗೆ ಕಾರಣವೆಂದು ಅವನ ಮತ. ಇಬ್ಬರ ಕಥೆಯೂ ಒಂದು ಕಡೆ ಕೂಡುತ್ತದೆ: ದಾಟುವಾಗ ಹಿಂದಿರುಗುವುದನ್ನು ಯಾರೂ ಎಣಿಸಿರಲಿಲ್ಲ.

*

ಕಾಳಗ ಗೆದ್ದರೂ ಕೋಟೆ ಇನ್ನೂ ನಿಂತಿತ್ತು. ಅದರ ಮೇಲಿನ 200 ತೋಪುಗಳೂ ಇದ್ದುವು. ಆಗ ರಾಯನ ಪಾಳೆಯಕ್ಕೆ ಕುದುರೆ ಮಾರಲು ಬಂದವನು ಕ್ರಿಸ್ಟೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸರವನು. ಅವನ ಜತೆಯಲ್ಲಿದ್ದ ಬಂದೂಕಿನವರು ಇಪ್ಪತ್ತು ಮಂದಿ. ಇಪ್ಪತ್ತೇ!

ಫಿಗೆರೆದೊ ಸುತ್ತ ಓಡಾಡಿ ನೋಡಿದನು. ಕೋಟೆಯ ಮೇಲಿನವರು ಯಾವ ಅಂಜಿಕೆಯೂ ಇಲ್ಲದೆ ಎದೆಯವರೆಗೆ ಕಾಣುವಂತೆ ನಿಂತು ಕೆಳಗಿನವರ ಮೇಲೆ ಕಲ್ಲು ಬಾಣಗಳನ್ನು ಸುರಿಸುತ್ತಿದ್ದರು. ಅವರು ಅಂಥ ಧೈರ್ಯ ತಾಳಿದ್ದು ಕೆಳಗಿನಿಂದ ತಮ್ಮನ್ನು ಮುಟ್ಟುವ ಆಯುಧವಿಲ್ಲವೆಂದು ತಿಳಿದದ್ದರಿಂದ. ರಾಯನ ಅಪ್ಪಣೆ ಪಡೆದು ಅವನ ಜನ ಗುರಿಯಿಡತೊಡಗಿದರು. ಒಬ್ಬೊಬ್ಬರಾಗಿ ಮೇಲಿನವರು ಉರುಳಿದರು. ಉಳಿದವರು ತೆನೆಗೋಡೆಯಿಂದ ಹಿಂದೆ ಸರಿದರು. ಮೇಲೆ ಜನವಿಲ್ಲದ ಗೋಡೆಯನ್ನು ಹಾರೆಯವರು ನಿರಾತಂಕವಾಗಿ ಕೀಳತೊಡಗಿದರು. ಏನಾಗುತ್ತಿದೆಯೆಂದು ನೋಡಲು ಕೋಟೆಯ ಅಧಿಪತಿಯೇ ಬಂದು ಗೋಡೆಯ ಕಂಡಿಯಿಂದ ಬಾಗಿ ಇಣುಕಿದನು. ಗುಂಡು ನೇರವಾಗಿ ಹಣೆಗೆ ಬಡಿಯಿತು. ಅವನ ಸಾವಿನೊಡನೆ ಊರಿನ ಧೈರ್ಯವೂ ಕುಸಿಯಿತು. ಮರುದಿನ ರಾಯಚೂರು ಶರಣಾಯಿತು.

ಇಪ್ಪತ್ತು ಬಂದೂಕುಗಳು ಕೋಟೆಯನ್ನು ಗೆದ್ದುವೆಂದು ಹೇಳಿದರೆ ಅದು ಅತಿಶಯೋಕ್ತಿ. ಕಥೆ ಬರೆದವನೂ ಪೋರ್ಚುಗೀಸನೇ. ತನ್ನವರ ಕೀರ್ತಿಗೆ ಅವನು ಒಂದು ಹಿಡಿ ಹೆಚ್ಚಾಗಿಯೇ ಸುರಿದಿರಬಹುದು. ಮೂರು ತಿಂಗಳು ಗೋಡೆಯ ಬುಡದಲ್ಲಿ ಸತ್ತ ಹೆಸರಿಲ್ಲದ ಹಾರೆಯವರಿಲ್ಲದೆ, ಹೊಳೆಯ ದಂಡೆಯ ಗೆಲುವಿಲ್ಲದೆ ಆ ಗುಂಡುಗಳಿಗೆ ಅರ್ಥವಿರುತ್ತಿರಲಿಲ್ಲ. ಆದರೆ ಇಷ್ಟು ನಿಜ: ಬತ್ತಿಯಿಂದ ಬೆಂಕಿ ಮುಟ್ಟಿಸುವ ಆ ಕೋವಿ ಒಬ್ಬನ ಕೈಯ ಅಳತೆಯದು, ಒಂದು ಕೋವಿಗೆ ಒಂದು ಕಣ್ಣು, ಒಂದು ಉಸಿರು. ಅದನ್ನು ಹೊತ್ತವನು ಬೇಕಾದತ್ತ ತಿರುಗಿಸಬಲ್ಲ, ಬೇಕಾದಾಗ ಹೆಗಲಿಗೇರಿಸಿಕೊಂಡು ನಡೆಯಬಲ್ಲ. ಎತ್ತರದ ಕೊತ್ತಳದಲ್ಲಿ ಕೂಡಿಸಿದ 200 ತೋಪುಗಳು ಹಾಗಲ್ಲ. ತೋಪಿನ ಬಾಯಿ ದೂರವನ್ನು ನೋಡುತ್ತಿತ್ತು; ಅಪಾಯವು ಕಾಲಡಿಯಲ್ಲಿ ಕಲ್ಲು ಕೀಳುತ್ತಿತ್ತು.

ಗೆದ್ದ ಊರೂ ಬಹುಕಾಲ ಉಳಿಯಲಿಲ್ಲ. 1529ರಲ್ಲಿ ರಾಯನು ತೀರಿಕೊಂಡನು. 1530ರಲ್ಲಿ ಅದೇ ಇಸ್ಮಾಯಿಲ್ ಆದಿಲ್ ಷಾ ರಾಯಚೂರನ್ನೂ ಮುದಗಲ್ಲನ್ನೂ ಮತ್ತೆ ತೆಗೆದುಕೊಂಡನು. ಇಷ್ಟನ್ನೂ ಕಂಡ ಒಂಟಿ ಮಿನಾರಿನ ಮಸೀದಿ ಇಂದಿಗೂ ನಮ್ಮ ಊರಿನಲ್ಲಿ ನಿಂತಿದೆ. ಅದರ ಕೆಳಗೆ ಸಾಗುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಲೆಯೆತ್ತಿ ನೋಡುತ್ತಾರೋ ಕಾಣೆ.

*

ಕೃಷ್ಣೆಯ ಆಚೆ ದಡದ ಬೇಡರಿಗೆ ಈ ಪಾಠ ಬೇರೊಂದು ಬಗೆಯಲ್ಲಿ ತಿಳಿದಿತ್ತು. ಸುರಪುರದ ಬಳಿಯ ವಾಗಿನಗೇರಿಯನ್ನು 1705ರಲ್ಲಿ ಮುತ್ತಿದವನು ಸಾಕ್ಷಾತ್ ಔರಂಗಜೇಬ. ಮುದಿ ಚಕ್ರವರ್ತಿಯ ಕಡೆಯ ಮುತ್ತಿಗೆ ಅದು. ಅವನ ಹಿಂದೆ ಹಿಂದುಸ್ತಾನದ ತೋಪುಖಾನೆ. ಪೀಡ್ಯಾ ನಾಯಕನ ಹಿಂದೆ ಗುರಿತಪ್ಪದ ಬೇಡರ ಕೋವಿಗಳು. ತಿಂಗಳುಗಟ್ಟಲೆ ನಡೆದ ಮೇಲೆ, ಇನ್ನು ನಿಲ್ಲದೆಂದು ಕಂಡ ರಾತ್ರಿ, ಬೇಡರು ಕತ್ತಲಲ್ಲಿ ಜಾರಿಹೋದರು. ಬೆಳಗ್ಗೆ ಚಕ್ರವರ್ತಿಗೆ ಸಿಕ್ಕಿದ್ದು ಬರಿದಾದ ಕೋಟೆ. ಹೊತ್ತು ನಡೆಯುವಷ್ಟೇ ಇಟ್ಟುಕೊಂಡವನಿಗೆ ಹೊರಡುವ ದಾರಿಯೂ ಇರುತ್ತದೆ.

ಇದನ್ನು ಹೇಳುವಾಗ ಆಯುಧದ ಹಿರಿಮೆ ಹಾಡುವ ಇರಾದೆ ನನಗಿಲ್ಲ. ಆಯುಧ ಕಡಿಮೆಯಿದ್ದವನು ಗೆಲ್ಲುತ್ತಾನೆಂಬುದೂ ಸುಳ್ಳು. 1857ರಲ್ಲಿ ಮನೆಯಲ್ಲಿನ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರ ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಅವರ ಕಥೆ ಲಾವಣಿಯಾಗಿ ಉಳಿಯಿತು, ಅವರು ಉಳಿಯಲಿಲ್ಲ. ಎಣಿಕೆಗೆ ಸಿಕ್ಕದ ಎಷ್ಟೋ ಸಂಗತಿಗಳು ಯುದ್ಧದಲ್ಲಿರುತ್ತವೆ. ಅದಕ್ಕಾಗಿಯೇ ಎಣಿಕೆಗೆ ಸಿಕ್ಕುವುದನ್ನಾದರೂ ಎಣಿಸಿಕೊಳ್ಳಬೇಕು.

ಎಣಿಕೆಯ ಈ ನೀತಿಯನ್ನು ನಮ್ಮ ಜನ ಬಹಳ ಹಿಂದೆಯೇ ಬಲ್ಲರು. ದಸರೆಯಲ್ಲಿ ಬನ್ನಿ ಎಲೆಯನ್ನು ಕೈಗೆ ಕೊಟ್ಟು ಬಂಗಾರದಂತೆ ಇರೋಣ ಎನ್ನುವಾಗ ನಾವು ನೆನೆಯುವುದು ಯಾವ ಮರವನ್ನು? ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮುನ್ನ ಆಯುಧಗಳನ್ನು ಕಟ್ಟಿಟ್ಟ ಮರವನ್ನು. ವಿರಾಟನ ಗೋವುಗಳನ್ನು ಬಿಡಿಸಲು ಹೊರಟಾಗ ಉತ್ತರಕುಮಾರನು ಆ ಮರ ಹತ್ತಿ ಗಂಟು ಬಿಚ್ಚುತ್ತಾನೆ; ಥಳಥಳಿಸುವ ಐವರ ಬಿಲ್ಲುಗಳನ್ನು ಕಂಡು ನಡುಗಿ, ಇದು ಯಾರದು, ಅದು ಯಾರದು ಎಂದು ಕೇಳುತ್ತಾನೆ. ಅರ್ಜುನನು ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತಾನೆ. ಎದುರಿಗೆ ಭೀಷ್ಮ, ದ್ರೋಣ, ಕರ್ಣ, ಇಡೀ ಕೌರವಸೇನೆ. ಬಿಲ್ಲುಗಳು ಬೇಕಾದಷ್ಟಿವೆ. ಆದರೂ ಅವನು ಎತ್ತಿಕೊಂಡ ಬಿಲ್ಲು ಒಂದೇ, ತನ್ನ ಕೈ ಬಲ್ಲ ಗಾಂಡೀವ. ಉಳಿದವು ತಮ್ಮ ತಮ್ಮ ಒಡೆಯರಿಗಾಗಿ ಮರದಲ್ಲಿಯೇ ಇದ್ದುವು.

ಇದೇ ಎರಡು ಹೊಳೆಗಳ ನಡುವೆ, ದೇವದುರ್ಗದ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಮಾನ್ವಿಯಲ್ಲಿ ಜಗನ್ನಾಥದಾಸರು ಬಾಳಿದರು. ಇಷ್ಟೊಂದು ತೋಪುಗಳು ಉರುಳಿದ ನೆಲದಲ್ಲಿ ಅವರು ಹೊತ್ತು ನಡೆದದ್ದು ತಂಬೂರಿ. ತೋಪುಗಳ ಕಬ್ಬಿಣ ಏನಾಯಿತೋ; ಅವರ ಪದಗಳು ನಮ್ಮ ಮನೆಗಳಲ್ಲಿ ಇನ್ನೂ ಬೆಳಗಿನ ಹೊತ್ತು ಕೇಳಿಸುತ್ತವೆ.

ಇತ್ತೀಚೆಗೆ ಒಬ್ಬ ಯುವಕ ಬಂದಿದ್ದನು. ಗುರಿಯ ಆಟ ಕಲಿಯುವ ಹುಮ್ಮಸ್ಸು ಅವನಿಗೆ. ಸ್ನೇಹಿತರೊಬ್ಬರ ಮನೆಯಲ್ಲಿ ಪರಿಚಯವಾದ ಹಿರಿಯ ಗುರಿಕಾರರು ತಮ್ಮ ಮೈದಾನಕ್ಕೆ ಕರೆದಿದ್ದರಂತೆ. “ಅವರ ಹತ್ತಿರ ನಾಲ್ಕಾರು ಬಗೆಯವು ಅವೆ ಸರ. ಎಲ್ಲಾನೂ ತಗೊಂಡು ಬರ್ರಿ, ಒಂದೊಂದು ಹೊಡೆದು ನೋಡ್ತೀನಿ ಅಂತ ಹೇಳ್ಲೇನು?” ಎಂದು ಕೇಳಿದನು.

ಎಲ್ಲವನ್ನೂ ಮುಟ್ಟಿ ನೋಡಬೇಕೆನ್ನುವ ಆ ವಯಸ್ಸಿನ ಆಸೆಯನ್ನು ನಾನು ಅರಿಯದವನಲ್ಲ. ನಾನೂ ಒಮ್ಮೆ ಹದಿನೆಂಟು ರೈಫಲು ಬೇಕೆಂದವನೇ. ಒಂದನ್ನೇ ಕೇಳು ಎಂದೆ. ಐದು ಗುಂಡು ಒಂದು ನಾಣ್ಯದಷ್ಟು ಜಾಗದಲ್ಲಿ ಕೂಡುವವರೆಗೆ ಎರಡನೆಯದನ್ನು ಕೇಳಬೇಡ. ಹೊರಡುವಾಗ ಅವರೊಡನೆ ನಿಂತು ಎಣಿಸು. ಬಂದೂಕನ್ನಷ್ಟೇ ಅಲ್ಲ, ಖಾಲಿ ತೋಟಾಗಳನ್ನೂ ಎಣಿಸು. ನಿನ್ನ ಅಂಗಿಯ ತೋಳಿನ ಮಡಿಕೆಯನ್ನೂ ಒಮ್ಮೆ ಬಿಚ್ಚಿ ನೋಡು.

ಅಂಗಿಯ ತೋಳಿನ ಮಾತು ಅವನಿಗೆ ಅರ್ಥವಾಗಲಿಲ್ಲ. ನನ್ನ ಕಣ್ಣಿಗೆ ಮಾತ್ರ ಆ ಸಂಜೆಯ ಬಯಲು ಕಟ್ಟಿತು: ಮುಳುಗುತ್ತಿರುವ ಹೊತ್ತು, ಮಂಡಿಯೂರಿದ ಹುಡುಗರು, ಬಾಯಿ ತೆರೆದು ಮಲಗಿದ ಆರು ರೈಫಲುಗಳು. ಹವಾಲ್ದಾರರು ಅವನ್ನು ಲಾರಿಗೆ ಏರಿಸುವಾಗ ಗಟ್ಟಿಯಾಗಿ ಎಣಿಸಿದ್ದರು. ಬೆಳಗ್ಗೆ ನನಗೆ ತೀರ ಕಡಿಮೆಯೆನಿಸಿದ್ದ ಆ ‘ಆರು’ ಸಂಜೆಯ ಹೊತ್ತಿಗೆ ಸಾಕಷ್ಟು ದೊಡ್ಡ ಸಂಖ್ಯೆಯಾಗಿ ಕೇಳಿಸಿತ್ತು.